ಓದುಗರ ಪ್ರಶ್ನೆ: ತೊರಕೆ ಮೀನಿನ ಮುಳ್ಳು

ಪ್ರಶ್ನೆ: ತೊರಕೆ ಮೀನಿನ ಮುಳ್ಳು ಕಾಲಿಗೆ ನಾಟಿದರೆ ವಿಷ ಹೇಗೆ ಏರುತ್ತದೆ? ತಕ್ಷಣ ಏನು ಮಾಡಬೇಕು?

ಉತ್ತರ: ತೊರಕೆ (ಸ್ಟಿಂಗ್‌ರೇ) ತಾನಾಗಿ ಮೈಮೇಲೆ ಬೀಳುವ ಮೀನಲ್ಲ. ಮರಳಲ್ಲಿ ಹುದುಗಿರುವಾಗ ಯಾರಾದರೂ ಬೆನ್ನು ತುಳಿದರೆ ಮುಳ್ಳಿರುವ ಬಾಲವನ್ನು ಚಾಟಿಯಂತೆ ಮೇಲಕ್ಕೆ ಬೀಸುತ್ತದೆ. ಹೀಗಾಗಿ ಗಾಯ ಹೆಚ್ಚಾಗಿ ಪಾದಕ್ಕೇ, ಇಲ್ಲವೇ ಕಣಕಾಲಿಗೆ.

ಮುಳ್ಳಿನ ಎರಡೂ ಅಂಚಿನಲ್ಲಿ ಹಿಂದಕ್ಕೆ ಬಾಗಿದ ಗರಗಸದ ಹಲ್ಲುಗಳಿವೆ. ಅಡಿಭಾಗದಲ್ಲಿ ಉದ್ದಕ್ಕೂ ಎರಡು ತೋಡುಗಳಿದ್ದು, ವಿಷ ಒಸರುವ ಅಂಗಾಂಶ ಅಲ್ಲಿರುತ್ತದೆ. ಇಡೀ ಮುಳ್ಳಿಗೆ ತೆಳು ಚರ್ಮದ ಹೊದಿಕೆ. ಮುಳ್ಳು ನಾಟಿದೊಡನೆ ಈ ಹೊದಿಕೆ ಹರಿದು ವಿಷ ಗಾಯದೊಳಗೆ ಇಳಿಯುತ್ತದೆ. ಹೊರಬರುವಾಗ ಹಲ್ಲುಗಳು ಮಾಂಸವನ್ನು ಸೀಳುತ್ತವೆ, ಹೊದಿಕೆಯ ಚೂರು ಒಳಗೇ ಉಳಿದುಬಿಡಬಹುದು. ಮುಂದೆ ಕೀವಾಗಲು ಇದೊಂದು ದೊಡ್ಡ ಕಾರಣ.

ಮೊದಲು ನೀರಿನಿಂದ ಹೊರಗೆ ಬನ್ನಿ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಆಮೇಲೆ ಪಾದವನ್ನು ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಡಿ. ಬಿಸಿ 45 ಡಿಗ್ರಿ ಸೆಲ್ಸಿಯಸ್ ದಾಟಕೂಡದು. ನೋವಿನಲ್ಲಿರುವ ಕಾಲಿಗೆ ಸುಡುವುದು ತಿಳಿಯದೆ ಬೊಕ್ಕೆ ಏಳಬಹುದು, ಆದ್ದರಿಂದ ಗಾಯವಿಲ್ಲದ ಕೈಯನ್ನು ಅದ್ದಿ ನೋಡಿಯೇ ಕಾಲಿಡಿ. ನೀರು ಆರುತ್ತಿದ್ದಂತೆ ಕಾಲನ್ನು ಹೊರತೆಗೆದು ಮತ್ತೆ ಬಿಸಿನೀರು ಬೆರೆಸಿ. ವಿಷದಲ್ಲಿರುವ ಪ್ರೋಟೀನುಗಳು ಶಾಖಕ್ಕೆ ಕೆಡುವುದರಿಂದ ನೋವು ತಗ್ಗುತ್ತದೆ.

ನೋವು ಹೋಯಿತೆಂದು ಸುಮ್ಮನಿರಬೇಡಿ. ಗಾಯ ತೊಳೆಸಲು, ಎಕ್ಸ್‌ರೇಗೆ, ಧನುರ್ವಾಯು ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಲೇಬೇಕು. ಚರ್ಮದ ಚೂರು ಎಕ್ಸ್‌ರೇಯಲ್ಲಿ ಕಾಣದು, ವೈದ್ಯರು ಗಾಯ ಬಿಡಿಸಿ ನೋಡಬೇಕಾಗುತ್ತದೆ. ಎದೆ, ಹೊಟ್ಟೆ ಅಥವಾ ಕುತ್ತಿಗೆಗೆ ಮುಳ್ಳು ನಾಟಿದ್ದರೆ ಖಂಡಿತ ಕೀಳಬೇಡಿ; ಅಲುಗಾಡದಂತೆ ಹಿಡಿದು ಸಾಗಿಸಿ. ವನ್ಯಜೀವಿ ಟಿವಿ ಕಾರ್ಯಕ್ರಮಗಳ ಆಸ್ಟ್ರೇಲಿಯಾದ ನಿರೂಪಕ ಸ್ಟೀವ್ ಇರ್ವಿನ್ 2006ರಲ್ಲಿ ಸತ್ತದ್ದು ಮುಳ್ಳು ಎದೆಗೆ ಹೊಕ್ಕು. ಅಂಥ ಸಾವು ತೀರಾ ಅಪರೂಪ.

ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡದೆ ಪಾದವನ್ನು ಮರಳಿಗೆ ಉಜ್ಜುತ್ತ ನಡೆಯಿರಿ. ಮರಳಿನ ಅದುರುವಿಕೆಗೆ ತೊರಕೆ ಎದ್ದು ಹೋಗುತ್ತದೆ.

ಪ್ರಶ್ನೆ: ಬಾಯಿ, ಕಿವಿರು ಎಲ್ಲ ಹೊಟ್ಟೆಯ ಕಡೆ ಇವೆಯಲ್ಲ, ಮರಳಿನಲ್ಲಿ ಹೂತಿರುವಾಗ ಉಸಿರಾಟ ಹೇಗೆ? ಬೇಟೆ ಕಾಣುವುದು ಹೇಗೆ?

ಉತ್ತರ: ಕಣ್ಣಿನ ಹಿಂದೆಯೇ ಒಂದೊಂದು ರಂಧ್ರವಿದೆ. ನೀರು ಅಲ್ಲಿಂದ ಒಳಹೊಕ್ಕು ಅಡಿಯಲ್ಲಿರುವ ಐದು ಜೊತೆ ಕಿವಿರು ಸೀಳುಗಳಿಂದ ಹೊರಬೀಳುತ್ತದೆ, ಮರಳು ಒಳಸೇರುವುದಿಲ್ಲ. ಕಣ್ಣು ಬೆನ್ನ ಮೇಲಿರುವುದರಿಂದ ಬಾಯಿಯ ಬಳಿಯ ಏಡಿಯೂ ಅದಕ್ಕೆ ಕಾಣದು. ಮೂತಿಯ ಸುತ್ತ ಲೋಳೆ ತುಂಬಿದ ಸೂಕ್ಷ್ಮ ನಾಳಗಳಿವೆ. ಬೇಟೆಯ ದೇಹದಿಂದ ಹೊಮ್ಮುವ ಕ್ಷೀಣ ವಿದ್ಯುತ್ತನ್ನು ಅವು ಹಿಡಿಯುತ್ತವೆ. ಚಿಪ್ಪನ್ನು ಅರೆಯಲು ಚಪ್ಪಟೆ ಹಲ್ಲುಗಳ ಸಾಲು ಇದೆ.

ಪ್ರಶ್ನೆ: ಇವು ಮೊಟ್ಟೆ ಇಡುತ್ತವೆಯೇ?

ಉತ್ತರ: ಇಲ್ಲ, ಮರಿ ಹಾಕುತ್ತವೆ. ತಾಯಿಯ ಒಡಲೊಳಗಿನ ಮೊಟ್ಟೆಯ ಹಳದಿ ಭಾಗ ಮುಗಿದ ಮೇಲೆ ಗರ್ಭಕೋಶ ಒಸರುವ ಕೊಬ್ಬಿನ ರಸವೇ ಮರಿಗೆ ಆಹಾರ.