ವ್ಯಸನ ತಡೆಯ ಕೆಲಸಕ್ಕೆ ಸೇರಿದವರು ಯಾವ ತರಬೇತಿ ಪಡೆಯಬೇಕು?

ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂ.ಎಸ್.ಡಬ್ಲ್ಯೂ.) ಮುಗಿಸಿ, ಪ್ರೌಢಶಾಲೆಗಳಲ್ಲಿ ಮಾದಕ ವಸ್ತು ತಡೆಯ ಕಾರ್ಯಕ್ರಮ ನಡೆಸುವ ಸಂಸ್ಥೆಗೆ ಸೇರಿದ್ದೇನೆ, ಯಾವ ತರಬೇತಿ ಪಡೆಯಲಿ, ಪ್ರಮಾಣಪತ್ರಕ್ಕೆ ಬೆಲೆಯಿದೆಯೇ ಎಂದು ಕೇಳಿದ್ದೀರಿ. ನಾನು ಹನ್ನೊಂದು ವರ್ಷ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕನಾಗಿದ್ದು, ಈಗ ಶಾಲೆಗಳ ಕಡೆ ಹೊರಳಿದ್ದೇನೆ. ಪ್ರಮಾಣಪತ್ರಕ್ಕೆ ಬೆಲೆಯಿದೆ, ಆದರೆ ಮಾತಾಡಲು ಕಲಿಸುವ ತರಬೇತಿಗಿಂತ, ಬಾಯಿ ಮುಚ್ಚಿ ಕೇಳಿಸಿಕೊಳ್ಳಲು ಕಲಿಸುವ ತರಬೇತಿಯನ್ನು ಹುಡುಕಿ.

ಇದು ನಾನು ಎಡವಿ ಕಲಿತದ್ದು. ಮೊದಲ ವರ್ಷ, ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು, ಪ್ರೌಢಶಾಲೆಯೊಂದರಲ್ಲಿ ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿದ್ದಲ್ಲದೆ, ನಶೆಗಾಗಿ ವೈಟ್ನರ್ ಮೂಸುವವರ ವಿಷಯವನ್ನೂ ಉತ್ಸಾಹದಿಂದ ಹೇಳಿದೆ. ಪ್ರಶ್ನೆಗಳಿವೆಯೇ ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಆ ಬಾಟ್ಲಿಗೆ ಎಷ್ಟಾಗುತ್ತೆ?’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದು ಅಲ್ಲಿ ಏನು ಮಾಡಿಬಂದೆ ಎಂಬುದು ಅರ್ಥವಾದದ್ದು ತರಬೇತಿಗೆ ಹೋದ ಮೇಲೆ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯು 2013ರಲ್ಲಿ ಮೊದಲು ಪ್ರಕಟಿಸಿ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಪರಿಷ್ಕರಿಸಿದ ತಡೆಯ ಮಾನದಂಡಗಳಲ್ಲಿ, ಬರೀ ಭಾಷಣ, ಹೆದರಿಸುವಿಕೆ, ವ್ಯಸನದಿಂದ ಹೊರಬಂದವರನ್ನು ವೇದಿಕೆಗೆ ಹತ್ತಿಸಿ ಕಥೆ ಹೇಳಿಸುವುದು, ಇವೆಲ್ಲ ಫಲ ಕೊಡದ ಅಥವಾ ತಿರುಗುಬಾಣವಾಗುವ ವಿಧಾನಗಳ ಸಾಲಿನಲ್ಲಿವೆ. ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ನಡೆಯುವುದು ಇವೇ ಎಂಬುದು ಬೇರೆ ಮಾತು.

ಶಾಲೆಯ ಕೆಲಸಕ್ಕೆ ಚಿಕಿತ್ಸೆಯ ತಿಳಿವಳಿಕೆ ಏಕೆ ಎಂದು ಹಲವರು ಕೇಳುತ್ತಾರೆ. ಏಮ್ಸ್ ನಡೆಸಿ 2019ರಲ್ಲಿ ವರದಿಯಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 14.6ರಷ್ಟು ಜನ ಮದ್ಯ ಬಳಸುತ್ತಾರೆ, ಗಾಂಜಾ ಮತ್ತು ಭಂಗಿ ಬಳಸುವವರು ಶೇ. 2.8. ಅಂದರೆ ನೀವು ಗಾಂಜಾದ ಬಗ್ಗೆ ಪಾಠ ಮಾಡುತ್ತಿರುವಾಗ ಎದುರಿಗೆ ಕೂತ ಹುಡುಗಿಯ ಮನಸ್ಸಿನಲ್ಲಿರುವುದು ಅಪ್ಪನ ಕುಡಿತವಿರಬಹುದು. ಅವಳು ಸಂಜೆ ಬಂದು, ‘ಅಪ್ಪನ ಕೈಲಿ ದೇವರ ಮುಂದೆ ಆಣೆ ಮಾಡಿಸಿ ಬಿಡಿಸಿದ್ದೇವೆ, ನಿನ್ನೆಯಿಂದ ಕೈ ನಡುಗುತ್ತಿದೆ’ ಎಂದರೆ ಶಹಬ್ಬಾಸ್ ಎನ್ನುವ ಸಮಯ ಅದಲ್ಲ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಆಮೇಲೆ ಸನ್ನಿ ಹಿಡಿಯಬಹುದು, ಜೀವಕ್ಕೂ ಅಪಾಯವಾಗಬಹುದು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಬೇಕೆಂಬುದನ್ನು ತಿಳಿಸದ ತರಬೇತಿ ನನ್ನ ಲೆಕ್ಕದಲ್ಲಿ ಅರೆಬರೆ.

ಕೇಳಿಸಿಕೊಳ್ಳುವುದನ್ನು ನನಗೆ ಕಲಿಸಿದ್ದು ಪ್ರೇರಣಾತ್ಮಕ ಸಂದರ್ಶನದ, ಅಂದರೆ ಉಪದೇಶ ಮಾಡದೆ ಎದುರಿನವರೇ ಬದಲಾಗುವ ಕಾರಣ ಹೇಳುವಂತೆ ಮಾತಾಡಿಸುವ ವಿಧಾನದ, ಮೂರು ದಿನಗಳ ಶಿಬಿರ. ಸಹಪಾಠಿಯೊಬ್ಬರು ಕುಡುಕನ ಪಾತ್ರ ಮಾಡಿದರು, ನಾನು ಸಮಾಲೋಚಕ. ನಾನು ಪ್ರಶ್ನೆ ಕೇಳಿದಾಗಲೆಲ್ಲ ತರಬೇತುದಾರರು ಮಾತಿಲ್ಲದೆ ಮೇಜಿನ ಮೇಲೊಂದು ಬೆಂಕಿಕಡ್ಡಿ ಇಡುತ್ತಿದ್ದರು. ಹತ್ತು ನಿಮಿಷಕ್ಕೆ 23 ಕಡ್ಡಿಗಳಾದವು. ಎದುರಿನವರ ಮಾತನ್ನು ಅವರಿಗೇ ಮರಳಿಸಿ ಹೇಳಿದ್ದು ಒಂದೇ ಒಂದು ಸಲ.

ಎಲ್ಲಿ ಕಲಿಯುವುದು ಎಂಬುದಕ್ಕೆ: ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದವರು ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್ ಮೂಲಕ ಆನ್‌ಲೈನ್ ತರಬೇತಿ ನಡೆಸುತ್ತಾರೆ, ಅಲ್ಲಿ ನಿಮ್ಮ ಕೈಯಲ್ಲಿರುವ ಪ್ರಕರಣವನ್ನೇ ಮಂಡಿಸಿ ತಜ್ಞರೊಡನೆ ಚರ್ಚಿಸಬಹುದು. ದೆಹಲಿಯ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ತಡೆಯ ಕೆಲಸವನ್ನೇ ವೃತ್ತಿಯಾಗಿಸಿಕೊಳ್ಳುವುದಾದರೆ ಏಷ್ಯಾ-ಪೆಸಿಫಿಕ್ ದೇಶಗಳ ಸಹಕಾರ ಸಂಸ್ಥೆಯಾದ ಕೊಲಂಬೊ ಪ್ಲಾನ್‌ನ ಯೂನಿವರ್ಸಲ್ ಪ್ರಿವೆನ್ಷನ್ ಕರಿಕ್ಯುಲಂ ಎಂಬ ತರಬೇತಿ ಪಠ್ಯಕ್ರಮ ನೋಡಿ, ಅದರಲ್ಲಿ ಶಾಲೆ, ಕುಟುಂಬ, ಕೆಲಸದ ಸ್ಥಳಗಳಿಗೆ ಬೇರೆಬೇರೆ ಪಠ್ಯಗಳಿವೆ.

ಶುಲ್ಕ ಕಟ್ಟುವ ಮೊದಲು ಎರಡು ವಿಷಯ ವಿಚಾರಿಸಿ: ಪಾತ್ರಾಭಿನಯದ ಅಭ್ಯಾಸಕ್ಕೆ ಎಷ್ಟು ಗಂಟೆ ಮೀಸಲು, ಶಿಬಿರ ಮುಗಿದು ನೀವು ತರಗತಿಗೆ ಹೋದ ಮೇಲೆ ನಿಮ್ಮ ಕೆಲಸವನ್ನು ನೋಡಿ ತಿದ್ದುವವರು ಯಾರು. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ, ನಿಮ್ಮ ಸಂಸ್ಥೆಯಲ್ಲೇ ಹಿರಿಯರೊಬ್ಬರನ್ನು ತಿಂಗಳಿಗೊಮ್ಮೆ ಹಿಂದಿನ ಬೆಂಚಿನಲ್ಲಿ ಬಂದು ಕೂರುವಂತೆ ಈಗಲೇ ಒಪ್ಪಿಸಿಕೊಳ್ಳಿ.