ಜಿಆರ್‌ಇ ಮೊದಲೋ, ಇಂಗ್ಲಿಷ್ ಪರೀಕ್ಷೆ ಮೊದಲೋ?

ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಯಸುವವರು ಬರೆಯಬೇಕಾದ ಪರೀಕ್ಷೆಗಳ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ. ಜಿಆರ್‌ಇ ಎಂದರೆ ಸ್ನಾತಕೋತ್ತರ ಪ್ರವೇಶಕ್ಕೆ ಕೇಳುವ ಗಣಿತ, ಭಾಷೆಗಳ ಸಾಮರ್ಥ್ಯ ಪರೀಕ್ಷೆ; ಟೋಫೆಲ್, ಐಇಎಲ್‌ಟಿಎಸ್, ಡ್ಯುಯೊಲಿಂಗೊ ಇಂಗ್ಲಿಷ್ ಪರೀಕ್ಷೆಗಳು.

ಪ್ರಶ್ನೆ: ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಆರನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿ.ಇ. ಮುಗಿದ ಕೂಡಲೇ ಅಮೆರಿಕದಲ್ಲಿ ಎಂ.ಎಸ್. ಮಾಡುವ ಆಸೆಯಿದೆ. ತರಬೇತಿ ಕೇಂದ್ರವೊಂದರವರು ಜಿಆರ್‌ಇ, ಟೋಫೆಲ್ ಎರಡಕ್ಕೂ ಈಗಲೇ ಹಣ ಕಟ್ಟಿ, ಎರಡು ತಿಂಗಳಲ್ಲಿ ಎರಡನ್ನೂ ಮುಗಿಸಬಹುದು ಎನ್ನುತ್ತಾರೆ. ಸೀನಿಯರ್‌ಗಳು ಜಿಆರ್‌ಇ ಈಗ ಬೇಕಾಗಿಯೇ ಇಲ್ಲ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ನಂಬಬೇಡಿ. ನಿಮಗೆ ಬೇಕಾದ ಉತ್ತರ ನೀವು ಸೇರಬಯಸುವ ವಿಭಾಗದ ಪ್ರವೇಶ ಪುಟದಲ್ಲಿದೆ. 2020ರಲ್ಲಿ ಕೋವಿಡ್‌ನಿಂದಾಗಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಅಮೆರಿಕದ ಅನೇಕ ವಿಭಾಗಗಳು ಜಿಆರ್‌ಇ ಅಂಕ ಕೇಳುವುದನ್ನು ನಿಲ್ಲಿಸಿದವು. ಆ ಬಳಿಕ ಕೆಲವು ಅದನ್ನು ಮತ್ತೆ ಕಡ್ಡಾಯ ಮಾಡಿದವು, ಕೆಲವು ಐಚ್ಛಿಕವಾಗಿ ಉಳಿಸಿಕೊಂಡವು, ಇನ್ನು ಕೆಲವು ಅಂಕ ಕಳುಹಿಸಿದರೂ ಪರಿಗಣಿಸುವುದಿಲ್ಲ ಎಂದು ಹೇಳಿವೆ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳ ನಿಯಮ ಬೇರೆ ಬೇರೆ ಇರುವುದೂ ಉಂಟು. ಹೀಗಾಗಿ ಹಣ ಕಟ್ಟುವುದಕ್ಕೆ ಮುಂಚೆ ಎಂಟು ಹತ್ತು ಕೋರ್ಸ್‌ಗಳನ್ನು ಆರಿಸಿ, ಪ್ರತಿಯೊಂದರ ಎದುರಿಗೆ ಜಿಆರ್‌ಇ ನಿಯಮ, ಒಪ್ಪುವ ಇಂಗ್ಲಿಷ್ ಪರೀಕ್ಷೆಗಳು, ಕನಿಷ್ಠ ಅಂಕ, ಅರ್ಜಿಯ ಕೊನೆಯ ದಿನಾಂಕ ಇವಿಷ್ಟನ್ನು ಬರೆದುಕೊಳ್ಳಿ. ಈ ಕೆಲಸಕ್ಕೆ ಎರಡು ಭಾನುವಾರ ಸಾಕು, ಆದರೆ ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆಯೇ ನಿಲ್ಲುತ್ತವೆ.

ಪಟ್ಟಿಯಲ್ಲಿ ಒಂದೆರಡು ಕಡೆಯಾದರೂ ಜಿಆರ್‌ಇ ಕಡ್ಡಾಯವಾಗಿದ್ದರೆ ಬರೆಯಲೇಬೇಕು. ಎಲ್ಲ ಕಡೆ ಐಚ್ಛಿಕವಾಗಿದ್ದರೆ ಏನು ಮಾಡಬೇಕೆಂಬುದರಲ್ಲಿ ನನ್ನ ಅಭಿಪ್ರಾಯ ಹೀಗಿದೆ: ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳ ಹೆಸರು ಅಲ್ಲಿನ ಪ್ರವೇಶ ಸಮಿತಿಗಳಿಗೆ ಪರಿಚಿತವಲ್ಲ, ವಿಟಿಯು ಅಂಕಗಳನ್ನು ಹೇಗೆ ತೂಗಬೇಕೆಂಬುದೂ ಎಲ್ಲರಿಗೂ ತಿಳಿದಿರುವುದಿಲ್ಲ. ಅಂಥ ಕಾಲೇಜಿನಿಂದ ಬರುವ ಅಭ್ಯರ್ಥಿಗೆ ಒಳ್ಳೆಯ ಕ್ವಾಂಟ್ (ಜಿಆರ್‌ಇಯ ಗಣಿತ ವಿಭಾಗ) ಅಂಕ ನಿಜವಾದ ಆಸರೆ. 170ಕ್ಕೆ 165ರ ಮೇಲೆ ಬಂದರೆ ಕಳುಹಿಸಿ. ಕಂಪ್ಯೂಟರ್ ಸೈನ್ಸ್‌ಗೆ ಅರ್ಜಿ ಹಾಕುವ ಭಾರತೀಯರಲ್ಲಿ ಕ್ವಾಂಟ್ ಅಂಕ ಸಾಮಾನ್ಯವಾಗಿಯೇ ಮೇಲ್ಮಟ್ಟದಲ್ಲಿರುವುದರಿಂದ, 160ರ ಆಸುಪಾಸಿನಲ್ಲಿ ನಿಂತರೆ ಐಚ್ಛಿಕವೆಂದಿರುವ ಕಡೆ ಕಳುಹಿಸದಿರುವುದೇ ಮೇಲು. ಯಾವ ಪ್ರಯತ್ನದ ಅಂಕವನ್ನು ಕಳುಹಿಸಬೇಕೆಂಬ ಆಯ್ಕೆ ನಿಮ್ಮದೇ.

ಪರೀಕ್ಷೆಯ ಸ್ವರೂಪವನ್ನೂ ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಸೀನಿಯರ್‌ಗಳಿಂದ ಕೈಗೆ ಬರುವ ಪುಸ್ತಕಗಳಲ್ಲಿ ಹಲವು ಹಳೆಯವು. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ 1 ಗಂಟೆ 58 ನಿಮಿಷಗಳ ಪರೀಕ್ಷೆ. ಎರಡು ಪ್ರಬಂಧಗಳ ಜಾಗದಲ್ಲಿ ಈಗ 30 ನಿಮಿಷದ ಒಂದೇ ಪ್ರಬಂಧವಿದೆ. ವರ್ಬಲ್ ಎಂಬ ಭಾಷಾ ವಿಭಾಗದಲ್ಲಿ 27, ಕ್ವಾಂಟ್‌ನಲ್ಲಿ 27 ಪ್ರಶ್ನೆಗಳು ಎರಡೆರಡು ಭಾಗಗಳಾಗಿ ಬರುತ್ತವೆ. ಪ್ರಶ್ನೆಗಳು ಕಡಿಮೆಯಾದಷ್ಟೂ ಒಂದೊಂದು ತಪ್ಪಿನ ಬೆಲೆ ಹೆಚ್ಚುತ್ತದೆ. ಅಷ್ಟೇ ಅಲ್ಲ, ಮೊದಲ ಭಾಗದಲ್ಲಿ ನೀವು ಉತ್ತರಿಸಿದ ರೀತಿಯ ಮೇಲೆ ಎರಡನೆಯ ಭಾಗದ ಕಠಿಣತೆ ನಿರ್ಧಾರವಾಗುವುದರಿಂದ, ಆರಂಭದಲ್ಲಿ ಅವಸರ ಮಾಡಿ ಕಳೆದುಕೊಂಡ ಅಂಕವನ್ನು ಕೊನೆಯಲ್ಲಿ ತುಂಬಿಕೊಳ್ಳುವುದು ಕಷ್ಟ.

ಇನ್ನು ಯಾವುದು ಮೊದಲು ಎಂಬ ವಿಷಯ. ಜಿಆರ್‌ಇ ಅಂಕ 5 ವರ್ಷ ಊರ್ಜಿತದಲ್ಲಿರುತ್ತದೆ, ಟೋಫೆಲ್, ಐಇಎಲ್‌ಟಿಎಸ್, ಡ್ಯುಯೊಲಿಂಗೊ ಅಂಕಗಳು 2 ವರ್ಷ ಮಾತ್ರ. ಮನೆಯ ಪರಿಸ್ಥಿತಿಯಿಂದಲೋ ವೀಸಾದ ತೊಡಕಿನಿಂದಲೋ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಹೊರಡಬೇಕಾಗಿ ಬಂದರೂ ಜಿಆರ್‌ಇ ಕೈಯಲ್ಲಿ ಉಳಿಯುತ್ತದೆ. ಇಂಗ್ಲಿಷ್ ಅಂಕ ಉಳಿಯಲಾರದು. ಆದ್ದರಿಂದ ಜಿಆರ್‌ಇಯನ್ನು ಮೊದಲು ಬರೆದು, ಇಂಗ್ಲಿಷ್ ಪರೀಕ್ಷೆಯನ್ನು ಅರ್ಜಿ ಹಾಕುವ ಕಾಲಕ್ಕೆ ಹತ್ತಿರದಲ್ಲಿ ಇಟ್ಟುಕೊಳ್ಳಿ. ತಯಾರಿಯ ಕ್ರಮ ಮಾತ್ರ ಇದಕ್ಕೆ ವಿರುದ್ಧವಾಗಿರಲಿ. ಗಣಿತವನ್ನು ಎರಡು ಮೂರು ತಿಂಗಳ ಶಿಸ್ತಿನ ಅಭ್ಯಾಸದಲ್ಲಿ ಹದಕ್ಕೆ ತರಬಹುದು, ಇಂಗ್ಲಿಷನ್ನು ಹಾಗೆ ತರಲಾಗದು. ಇಂದಿನಿಂದಲೇ ದಿನಕ್ಕೊಂದು ಗಂಭೀರ ಇಂಗ್ಲಿಷ್ ಲೇಖನವನ್ನು ಓದಿ, ಅದರ ಸಾರವನ್ನು ಎರಡು ನಿಮಿಷ ಮಾತನಾಡಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು, ಮರುದಿನ ನೀವೇ ಕೇಳಿಸಿಕೊಳ್ಳಿ. ಕನ್ನಡ ಮಾಧ್ಯಮದಿಂದ ಬಂದೆನೆಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಈ ಪರೀಕ್ಷೆಗಳಲ್ಲಿ ಅಮೆರಿಕನ್ನರಂತೆ ಉಚ್ಚರಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಹೇಳಿದ್ದು ಸ್ಪಷ್ಟವಾಗಿ ಅರ್ಥವಾಗಬೇಕು, ಮಾತು ತಡೆಯಿಲ್ಲದೆ ಒಂದು ಕ್ರಮದಲ್ಲಿ ಸಾಗಬೇಕು, ಅಷ್ಟೇ. ನಿಮ್ಮಂಥವರು ಒಳ್ಳೆಯ ಅಂಕ ಪಡೆದುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಸಮಯದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಿ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಆರಂಭವಾಗುವ ತರಗತಿಗಳಿಗೆ ಅರ್ಜಿಯ ಗಡುವು ಹೆಚ್ಚಿನ ಕಡೆ ಅದಕ್ಕೂ ಹಿಂದಿನ ಡಿಸೆಂಬರ್ ಮತ್ತು ಜನವರಿಯಲ್ಲಿ ಬರುತ್ತದೆ. ಅಂದರೆ ನವೆಂಬರ್ ಹೊತ್ತಿಗೆ ಎರಡೂ ಅಂಕಗಳು ಕೈಯಲ್ಲಿರಬೇಕು. ಆರನೆಯ ಸೆಮಿಸ್ಟರ್‌ನ ಪರೀಕ್ಷೆ ಮುಗಿದ ಮೇಲೆ ಸಿಗುವ ರಜೆಯನ್ನು ಜಿಆರ್‌ಇಗೆ ಮೀಸಲಿಟ್ಟು, ಆಗಸ್ಟ್‌ನಲ್ಲಿ ಬರೆಯಿರಿ. ಅಂಕ ತೃಪ್ತಿ ತರದಿದ್ದರೆ 21 ದಿನಗಳ ಬಳಿಕ ಮತ್ತೆ ಬರೆಯಬಹುದಾದ್ದರಿಂದ ಸೆಪ್ಟೆಂಬರ್‌ನಲ್ಲಿ ಎರಡನೆಯ ಅವಕಾಶ ಉಳಿದಿರುತ್ತದೆ. ಇಂಗ್ಲಿಷ್ ಪರೀಕ್ಷೆ ಅಕ್ಟೋಬರ್‌ನಲ್ಲಿರಲಿ. ನವೆಂಬರನ್ನು ಪರೀಕ್ಷೆಗಳಿಂದ ಬಿಡಿಸಿಕೊಂಡು ಉದ್ದೇಶಪತ್ರ ಬರೆಯುವುದಕ್ಕೆ, ಶಿಫಾರಸು ಪತ್ರಗಳಿಗಾಗಿ ಅಧ್ಯಾಪಕರನ್ನು ಕಾಣುವುದಕ್ಕೆ, ಟ್ರಾನ್ಸ್‌ಕ್ರಿಪ್ಟ್ ಪಡೆಯುವುದಕ್ಕೆ ಕೊಡಿ. ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಜಿಆರ್‌ಇ ದಿನಾಂಕ ಹಿಡಿಯಬೇಡಿ. ಪ್ರವೇಶ ಸಮಿತಿ ಎಲ್ಲಕ್ಕಿಂತ ಹೆಚ್ಚು ಗಮನಿಸುವುದು ನಿಮ್ಮ ಬಿ.ಇ. ಅಂಕಗಳನ್ನೇ.

ಇಂಗ್ಲಿಷ್ ಪರೀಕ್ಷೆಯ ಆಯ್ಕೆಯನ್ನು ನಿಮ್ಮ ಪಟ್ಟಿಯೇ ಮಾಡಿಕೊಡುತ್ತದೆ. ಎಲ್ಲ ಕೋರ್ಸ್‌ಗಳೂ ಒಪ್ಪುವ ಒಂದೇ ಪರೀಕ್ಷೆಯನ್ನು ಆರಿಸಿ. ಡ್ಯುಯೊಲಿಂಗೊ ಪರೀಕ್ಷೆಯನ್ನು ಮನೆಯಿಂದಲೇ ಸುಮಾರು ಒಂದು ಗಂಟೆಯಲ್ಲಿ ಬರೆಯಬಹುದು, ಖರ್ಚೂ ಕಡಿಮೆ, ಆದರೆ ಎಲ್ಲ ವಿಭಾಗಗಳೂ ಅದನ್ನು ಒಪ್ಪುವುದಿಲ್ಲ. ಟೋಫೆಲ್ ಬರೆಯುವುದಾದರೆ ಹೊಸ ಪುಸ್ತಕವನ್ನೇ ಬಳಸಿ, ಏಕೆಂದರೆ 2026ರ ಜನವರಿಯಿಂದ ಅದರ ಸ್ವರೂಪ ಬದಲಾಗಿ, ಅಂಕಗಳು 1ರಿಂದ 6ರ ಶ್ರೇಣಿಗೆ ಬಂದಿವೆ. ಹಳೆಯ 120ರ ಲೆಕ್ಕದ ಸಮಾನ ಅಂಕವನ್ನೂ ಸದ್ಯಕ್ಕೆ ಜೊತೆಯಲ್ಲಿ ಕೊಡುತ್ತಾರೆ. ಟೀಚಿಂಗ್ ಅಸಿಸ್ಟೆಂಟ್‌ಶಿಪ್‌ನ ಆಸೆಯಿದ್ದರೆ ಮಾತಿನ ವಿಭಾಗದ ಅಂಕದ ಕಡೆಗೆ ವಿಶೇಷ ಗಮನ ಕೊಡಿ. ಪ್ರವೇಶಕ್ಕೆ ಸಾಕಾಗುವ ಅಂಕ ಪಾಠ ಹೇಳುವ ಕೆಲಸಕ್ಕೆ ಸಾಲದೆಂದು ಪ್ರತ್ಯೇಕ ಕನಿಷ್ಠ ಮಿತಿಯನ್ನು ಇಟ್ಟಿರುವ ವಿಶ್ವವಿದ್ಯಾಲಯಗಳು ಅನೇಕ.

ತರಬೇತಿ ಕೇಂದ್ರಕ್ಕೆ ಸೇರುವ ಪ್ರಶ್ನೆಯನ್ನು ಒಂದು ವಾರ ಮುಂದಕ್ಕೆ ಹಾಕಿ. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಒಂದನ್ನು ಈಗಲೇ, ಏನೂ ಓದದೆ, ಗಡಿಯಾರ ಮುಂದಿಟ್ಟುಕೊಂಡು ಬರೆಯಿರಿ. ಇನ್ನೊಂದನ್ನು ಪರೀಕ್ಷೆಗೆ ಎರಡು ವಾರ ಮುಂಚಿನವರೆಗೆ ಮುಟ್ಟಬೇಡಿ. ಮೊದಲ ಫಲಿತಾಂಶ ನೋಡಿದರೆ ನಿಮ್ಮ ಕೊರತೆ ಗಣಿತದಲ್ಲಿದೆಯೋ, ಲೆಕ್ಕವನ್ನು ವಿವರಿಸುವ ಇಂಗ್ಲಿಷ್ ವಾಕ್ಯಗಳಲ್ಲಿದೆಯೋ ಎಂಬುದು ತಿಳಿಯುತ್ತದೆ. ಎರಡನೆಯದೇ ಆಗಿದ್ದರೆ ಗಣಿತದ ತರಗತಿಗೆ ಕೊಡುವ ಹಣ ವ್ಯರ್ಥ. ಪರೀಕ್ಷೆಯ ದಿನ ನಾಲ್ಕು ಕಡೆಗೆ ಅಂಕವನ್ನು ಉಚಿತವಾಗಿ ಕಳುಹಿಸಬಹುದು, ನಂತರದ ಪ್ರತಿಯೊಂದಕ್ಕೂ ಶುಲ್ಕವಿದೆ. ಅರ್ಜಿಯಲ್ಲಿ ನೀವೇ ಅಂಕ ನಮೂದಿಸಿದರೆ ಸಾಕು, ಅಧಿಕೃತ ವರದಿ ಸೀಟು ಸಿಕ್ಕ ಮೇಲೆ ಬರಲಿ ಎನ್ನುವ ವಿಭಾಗಗಳೂ ಇರುವುದರಿಂದ ಅದನ್ನೂ ಪಟ್ಟಿಯಲ್ಲಿ ಗುರುತಿಸಿಕೊಳ್ಳಿ.

ಪ್ರಶ್ನೆ: ಮಗನ ಅಂಕಪಟ್ಟಿಗಳಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್‌ಗಳಿವೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಇಡೀ ಹೆಸರನ್ನು ಒಂದೇ ಕಡೆ ಬರೆದಿದ್ದು, ಸರ್‌ನೇಮ್ ಜಾಗ ಖಾಲಿಯಿದೆ. ಪರೀಕ್ಷೆಗೆ ಯಾವ ಹೆಸರಿನಲ್ಲಿ ನೋಂದಾಯಿಸಬೇಕು?
– ಪೋಷಕರು, ತುಮಕೂರು

ಉತ್ತರ: ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಒಂದಕ್ಷರವೂ ಹೆಚ್ಚು ಕಡಿಮೆಯಾಗದಂತೆ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಮಾಡಿಕೊಳ್ಳುವ ನಮ್ಮ ಪದ್ಧತಿ ವಿದೇಶಿ ಅರ್ಜಿಗಳ ಎರಡು ಖಾನೆಗಳಿಗೆ ಹೊಂದುವುದಿಲ್ಲ. ಹಳೆ ಮೈಸೂರು ಭಾಗದ ಬಹಳಷ್ಟು ಕುಟುಂಬಗಳಿಗೆ ಈ ತೊಂದರೆ ಬರುತ್ತದೆ. ನೋಂದಣಿಯ ಹೆಸರಿಗೂ ಗುರುತಿನ ದಾಖಲೆಗೂ ವ್ಯತ್ಯಾಸ ಕಂಡರೆ ಪರೀಕ್ಷಾ ಕೇಂದ್ರದವರು ಒಳಗೆ ಬಿಡದಿರಬಹುದು, ಆಗ ಕಟ್ಟಿದ ಶುಲ್ಕವೂ ಹೋಗುತ್ತದೆ.

ಆದರೆ ನೋಂದಣಿಗೆ ಮೊದಲೇ ಪಾಸ್‌ಪೋರ್ಟನ್ನು ಸರಿಪಡಿಸಿಕೊಳ್ಳಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಸರ್‌ನೇಮ್ ಖಾಲಿಯಿರುವ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾ ಕೊಡುವಾಗ ಇಡೀ ಹೆಸರನ್ನು ಸರ್‌ನೇಮ್ ಖಾನೆಗೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು ನಮೂದಿಸುತ್ತಾರೆ. ಅಲ್ಲಿ ಬ್ಯಾಂಕ್ ಖಾತೆ, ಚಾಲನಾ ಪರವಾನಗಿ ಮೊದಲಾದವುಗಳಲ್ಲಿ ಆ ಮೂರಕ್ಷರಗಳು ಹಿಂಬಾಲಿಸಿ ಬರುತ್ತವೆ. ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗವಾಗಿ ವಿಂಗಡಿಸಿಕೊಂಡರೆ ಇದು ತಪ್ಪುತ್ತದೆ. ಅದಕ್ಕೆ ವಾರಗಳೇ ಹಿಡಿಯಬಹುದಾದ್ದರಿಂದ ಪರೀಕ್ಷೆಯ ದಿನಾಂಕ ಗೊತ್ತುಪಡಿಸುವುದು ಆಮೇಲೆ. ಅಂಕಪಟ್ಟಿಯ ಇನಿಷಿಯಲ್‌ಗಳ ಬಗ್ಗೆ ಅಷ್ಟು ಚಿಂತೆ ಬೇಡ. ಎರಡೂ ಹೆಸರುಗಳು ಒಬ್ಬನವೇ ಎಂದು ದೃಢೀಕರಿಸುವ, ನೋಟರಿಯಿಂದ ಮಾಡಿಸಿದ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಂಡು, ಅರ್ಜಿಗಳಲ್ಲಿ ಇತರ ಹೆಸರುಗಳನ್ನು ಕೇಳುವ ಜಾಗದಲ್ಲಿ ಅಂಕಪಟ್ಟಿಯ ಹೆಸರನ್ನು ಬರೆದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಪ್ರಶ್ನೆ: ಮೂರು ವರ್ಷಗಳಿಂದ ಕೆಲಸದಲ್ಲಿದ್ದು, ಜರ್ಮನಿಯಲ್ಲಿ ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್ ಮಾಡಬಯಸುತ್ತೇನೆ. ಐಇಎಲ್‌ಟಿಎಸ್‌ನಲ್ಲಿ ಕೇಳುವಿಕೆ 7.5, ಓದು 7.5, ಮಾತು 7, ಬರವಣಿಗೆ 6 ಬಂದು ಒಟ್ಟು 7 ಆಗಿದೆ. ಮತ್ತೆ ಬರೆಯಲೇ?
– ಇಂಜಿನಿಯರ್, ಬೆಂಗಳೂರು

ಉತ್ತರ: ಬರವಣಿಗೆಯ ಅಂಕ 6ರಿಂದ 6.5ಕ್ಕೆ ಏರಿದರೆ ನಿಮ್ಮ ಸರಾಸರಿ 7.125 ಆಗುತ್ತದೆ. ಐಇಎಲ್‌ಟಿಎಸ್ ಅದನ್ನು ಹತ್ತಿರದ ಅರ್ಧ ಬ್ಯಾಂಡ್‌ಗೆ ಇಳಿಸಿ 7 ಎಂದೇ ಕೊಡುತ್ತದೆ. ಆದ್ದರಿಂದ ಒಟ್ಟು ಬ್ಯಾಂಡ್ ಮಾತ್ರ ಕೇಳುವ ಕೋರ್ಸ್‌ಗಳಿಗಾಗಿ ಮರುಪ್ರಯತ್ನ ಬೇಡ. ಪ್ರತಿ ವಿಭಾಗಕ್ಕೂ ಕನಿಷ್ಠ ಅಂಕ ನಿಗದಿ ಮಾಡಿರುವ ಕೋರ್ಸ್ ನಿಮ್ಮ ಪಟ್ಟಿಯಲ್ಲಿದ್ದರೆ ಮಾತ್ರ ಬರೆಯಿರಿ. ಆಗಲೂ ನಾಲ್ಕನ್ನೂ ಮತ್ತೆ ಬರೆಯಬೇಕಾಗಿಲ್ಲ. ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆದವರಿಗೆ 60 ದಿನಗಳೊಳಗೆ ಒಂದೇ ವಿಭಾಗವನ್ನು ಮರುಪರೀಕ್ಷೆ ಬರೆಯುವ ಅವಕಾಶವಿದೆ. ಆ ಅಂಕವನ್ನು ಒಪ್ಪುತ್ತಾರೆಯೇ ಎಂದು ವಿಶ್ವವಿದ್ಯಾಲಯವನ್ನು ಮೊದಲು ಕೇಳಿ. ಬರವಣಿಗೆಯಲ್ಲಿ ಎರಡನೆಯ ಪ್ರಶ್ನೆಗೆ ಮೊದಲನೆಯದಕ್ಕಿಂತ ಇಮ್ಮಡಿ ತೂಕ. ಬಾಯಿಪಾಠ ಮಾಡಿದ ಆರಂಭದ ವಾಕ್ಯಗಳನ್ನು ಬಿಟ್ಟು, ಕೇಳಿದ ಪ್ರಶ್ನೆಗೆ ನಿಮ್ಮದೇ ನಿಲುವನ್ನು ಮೊದಲ ಪ್ಯಾರಾದಲ್ಲೇ ಹೇಳಿ ಅದನ್ನು ಕೊನೆಯವರೆಗೆ ಸಮರ್ಥಿಸುವ ಅಭ್ಯಾಸ ಮಾಡಿದರೆ ಅರ್ಧ ಬ್ಯಾಂಡ್ ಏರುವುದು ಅಸಾಧ್ಯವೇನಲ್ಲ.

ನಿಮ್ಮ ವಿಷಯದಲ್ಲಿ ಇದಕ್ಕಿಂತ ತುರ್ತಾದದ್ದು ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ಜರ್ಮನ್ ವೀಸಾಗೆ ಇದು ಕಡ್ಡಾಯ. ಎಷ್ಟೋ ವಿಶ್ವವಿದ್ಯಾಲಯಗಳು ಅರ್ಜಿಯ ಹಂತದಲ್ಲೇ ಇದನ್ನು ಕೇಳುತ್ತವೆ, ಮತ್ತು ದಾಖಲೆಗಳ ಪರಿಶೀಲನೆಗೆ ಸಮಯ ಹಿಡಿಯುತ್ತದೆ. ಭಾರತೀಯ ಅಭ್ಯರ್ಥಿಗಳಿಂದ ಜಿಆರ್‌ಇ ಅಥವಾ ಗೇಟ್ ಅಂಕ ಬಯಸುವ ತಾಂತ್ರಿಕ ಕೋರ್ಸ್‌ಗಳೂ ಅಲ್ಲಿವೆ. ನೀವು ಗೇಟ್ ಬರೆದಿದ್ದು ಮೂರು ವರ್ಷ ಕಳೆದಿಲ್ಲವಾದರೆ ಆ ಅಂಕಪಟ್ಟಿಯನ್ನು ಹುಡುಕಿ ತೆಗೆಯಿರಿ.

ಪ್ರಶ್ನೆ: ದ್ವಿತೀಯ ಪಿಯುಸಿ ಇಂಗ್ಲಿಷ್‌ನಲ್ಲಿ 82 ಅಂಕ ಬಂದಿದೆ. ಬ್ರಿಟನ್‌ನಲ್ಲಿ ಎಂ.ಎಸ್ಸಿ.ಗೆ ಐಇಎಲ್‌ಟಿಎಸ್ ಬೇಡವೆಂದು ಏಜೆಂಟರು ಹೇಳುತ್ತಾರೆ. ನಿಜವೇ?
– ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಕೆಲವು ಕಡೆ ನಿಜ. ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕಗಳನ್ನೇ ಭಾಷಾ ಅರ್ಹತೆಯಾಗಿ ಒಪ್ಪುವ ಬ್ರಿಟಿಷ್ ವಿಶ್ವವಿದ್ಯಾಲಯಗಳು ಸಾಕಷ್ಟಿವೆ. ಆದರೆ ಕೆಲವು ಸಿಬಿಎಸ್‌ಇ, ಐಎಸ್‌ಸಿ ಮಂಡಳಿಗಳನ್ನು ಮಾತ್ರ ಒಪ್ಪುತ್ತವೆ, ಇನ್ನು ಕೆಲವು ರಾಜ್ಯ ಮಂಡಳಿಗಳಿಂದ ಹೆಚ್ಚಿನ ಅಂಕ ಕೇಳುತ್ತವೆ. ನಿಮ್ಮ ಮಂಡಳಿಯ ಹೆಸರು ಮತ್ತು ಅಂಕವನ್ನು ಬರೆದು ಪ್ರವೇಶ ಕಚೇರಿಗೆ ನೀವೇ ಇಮೇಲ್ ಕಳುಹಿಸಿ. ಏಜೆಂಟರ ಮೂಲಕ ಬಂದ ಮೌಖಿಕ ಭರವಸೆಯನ್ನು ನೆಚ್ಚಿ ಠೇವಣಿ ಕಟ್ಟಬೇಡಿ. ವಿನಾಯಿತಿ ಇಲ್ಲವೆಂದು ಉತ್ತರ ಬಂದರೆ ಅಕಾಡೆಮಿಕ್ ಐಇಎಲ್‌ಟಿಎಸ್‌ಗೆ ನೋಂದಾಯಿಸಿ, ಜನರಲ್ ಟ್ರೈನಿಂಗ್‌ಗೆ ಅಲ್ಲ. ವೀಸಾಗೆಂದು ಪ್ರತ್ಯೇಕವಾಗಿರುವ, ಹೆಚ್ಚು ಶುಲ್ಕದ ಯುಕೆವಿಐ ಐಇಎಲ್‌ಟಿಎಸ್ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಏಕೆಂದರೆ ಆ ಮಟ್ಟದಲ್ಲಿ ಭಾಷಾ ಅರ್ಹತೆಯನ್ನು ವಿಶ್ವವಿದ್ಯಾಲಯವೇ ನಿರ್ಣಯಿಸಬಹುದು. ಅದೇ ಇಮೇಲ್‌ನಲ್ಲಿ ಇದನ್ನೂ ಕೇಳಿ ಖಚಿತಪಡಿಸಿಕೊಳ್ಳಿ.