ಎಸಿ ರೂಮು, ಇಂಬಳ ಮತ್ತು ನಮ್ಮ ಕತ್ತರಿ

ಪತ್ರ: ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ಸಮರ್ಥಿಸಿದ ಲೇಖನಕ್ಕೆ ನಾನು ಬರೆದ ಪ್ರತಿಕ್ರಿಯೆಯನ್ನು ಅರ್ಧಕ್ಕರ್ಧ ಕತ್ತರಿಸಿದ್ದೀರಿ. ಎಸಿ ರೂಮಿನಲ್ಲಿ ಕೂತವರಿಗೆ ಇಂಬಳ ಕಚ್ಚಿದ್ದುಂಟೇ ಎಂದು ಕೇಳಿದ್ದು ತಪ್ಪೇ? ನೀವೂ ಅವರ ಕಡೆಯವರೇ?
– ಮಲೆನಾಡಿನ ಓದುಗರು

ಸಂಪಾದಕರ ಉತ್ತರ: ಕತ್ತರಿಸಿದ್ದು ನಿಜ. ಲೇಖಕರ ಬೆಂಗಳೂರಿನ ಫ್ಲ್ಯಾಟು, ಅವರ ಕಾರು, ಅವರಿಗೆ ವಿದೇಶಿ ದುಡ್ಡು ಬರುತ್ತದೆಂಬ ನಿಮ್ಮ ಊಹೆ, ಇಷ್ಟೂ ಹೋದವು. ಅದೇ ವಾರ ಬಂದ ಇನ್ನೊಂದು ಪತ್ರದಲ್ಲಿ ವರದಿ ವಿರೋಧಿಸುವವರೆಲ್ಲ ಒತ್ತುವರಿದಾರರು, ರೆಸಾರ್ಟ್ ಮಾಲೀಕರ ಏಜೆಂಟರು ಎಂದಿತ್ತು. ಅದಕ್ಕೂ ಇದೇ ಕತ್ತರಿ ಬಿತ್ತು. ಫೇಸ್‌ಬುಕ್‌ನಲ್ಲಂತೂ ಈ ವರದಿಯ ಹೆಸರೆತ್ತಿದರೆ ಸಾಕು, ಎರಡನೇ ಕಾಮೆಂಟಿಗೇ ಜಾತಿ, ಊರು, ಜಮೀನಿನ ಲೆಕ್ಕ ಹೊರಬೀಳುತ್ತದೆ. ವರದಿಯಲ್ಲಿ ಏನಿದೆ ಎಂಬುದೊಂದು ಬಿಟ್ಟು.

ನಾವು ಉಳಿಸಿಕೊಂಡಿದ್ದು ನಿಮ್ಮ ಪತ್ರದ ಜೀವಾಳವನ್ನು: ಮರದ ನೆರಳಿನ ಕಾಫಿ ತೋಟ ಉಪಗ್ರಹದ ಕಣ್ಣಿಗೆ ಕಾಡಿನಂತೆಯೇ ಕಾಣುವುದಿಲ್ಲವೇ, ಎರಡನ್ನೂ ಬೇರೆ ಮಾಡಿದ್ದು ಹೇಗೆ? ಗಟ್ಟಿ ಪ್ರಶ್ನೆ. 2013ರ ವರದಿ ಪಶ್ಚಿಮಘಟ್ಟದ ಸುಮಾರು ಶೇ 37 ಭಾಗವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿದ್ದು ಉಪಗ್ರಹ ಚಿತ್ರಗಳ ಆಧಾರದಲ್ಲೇ. ಹಳ್ಳಿಯ ಶೇ 20ರಷ್ಟು ಜಾಗ ಅದರೊಳಗೆ ಬಿದ್ದರೂ ಇಡೀ ಹಳ್ಳಿ ಪಟ್ಟಿಗೆ ಸೇರಿತು. ಈ ವರದಿ ಆಧರಿಸಿದ ಕೇಂದ್ರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸರ್ವೆ ನಂಬರ್ ಹಿಡಿದು ನೆಲದ ಮೇಲೆ ನಡೆದು ನೋಡಿ ಎಂದರೆ ಲೇಖಕರು ಉತ್ತರ ಕೊಡಲೇಬೇಕಾಗುತ್ತದೆ. ಕಾರಿನ ಮಾತೆತ್ತಿದಿರೋ, 'ನನಗೆ ಕಾರೇ ಇಲ್ಲ' ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ.

ಇನ್ನು ನಿಮ್ಮ ಪಾಲಿನ ಬಾಕಿ. 'ಮನೆ ಕಟ್ಟಲೂ ಬಿಡುವುದಿಲ್ಲ' ಎಂದಿದ್ದೀರಿ. ಕರಡು ತಡೆಯುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೆಚ್ಚು ಮಾಲಿನ್ಯ ಮಾಡುವ 'ಕೆಂಪು ವರ್ಗ'ದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳನ್ನು. ನಿಮ್ಮ ಹೆಂಚಿನ ಮನೆ ಅಷ್ಟು ದೊಡ್ಡದಿರಲಿಕ್ಕಿಲ್ಲ. ಆದರೂ ಇಲಾಖೆಯವರು ಕಾಡುತ್ತಾರೆಂಬ ಭಯ ಇದೆ ಅಂದರೆ ಆ ಭಯಕ್ಕೆ ಕಾರಣವಾದ ನೋಟಿಸಿನ ಬಗ್ಗೆ ಬರೆಯಿರಿ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದದ್ದಕ್ಕೆ ನಿಮ್ಮ ವಿವರಣೆ ಏನೆಂಬುದೂ ಬರಲಿ.

ಹಾಗಾದರೆ ಬರೆದವರ ಹಿತಾಸಕ್ತಿ ಕೇಳಲೇಬಾರದೇ? ಧಾರಾಳವಾಗಿ ಕೇಳಿ. ದುಡ್ಡು ಬಂದದ್ದಕ್ಕೆ ದಾಖಲೆಯಿದ್ದರೆ ಕಳಿಸಿ, ಅಚ್ಚು ಹಾಕುತ್ತೇವೆ. ಅದು ಸಾಬೀತಾದರೂ ಕಾಫಿ ತೋಟದ ಪ್ರಶ್ನೆ ಇದ್ದಲ್ಲೇ ಇರುತ್ತದೆ, ನೆನಪಿರಲಿ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಅಷ್ಟಕ್ಕೇ ಎರಡೂ ಕಡೆಯವರು ಓದುವುದನ್ನು ನಿಲ್ಲಿಸಿದಂತಿದೆ. ನಿಮ್ಮ ಊರು ಪಟ್ಟಿಯಲ್ಲಿದ್ದರೆ ಗ್ರಾಮ ನಕ್ಷೆಯ ಮೇಲೆ ತೋಟ ಎಲ್ಲಿ, ಕಾಡು ಎಲ್ಲಿ ಎಂದು ಗುರುತು ಹಾಕಿ ಕಳಿಸಿ. ಲೇಖಕರ ಉತ್ತರದ ಜೊತೆಗೇ ಪ್ರಕಟಿಸುತ್ತೇವೆ.